ಇರುಳಾಟದ ಸಂಕಲನಕ್ಕೆ ಎಂಥ ಯಂತ್ರ

ದೀಪಾವಳಿ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಕಟ್ಟಿ ತಿರುಗಾಟಕ್ಕೆ ಹೊರಟವೆಂದರೆ, ತುಳುವರ ಬೇಶ ತಿಂಗಳ ಹತ್ತನೆಯ ದಿನವಾದ ಪತ್ತನಾಜೆಯಂದು ಗೆಜ್ಜೆ ಬಿಚ್ಚುವ ತನಕ, ಮಂಗಳೂರಿನ ಸುತ್ತಣ ಬಯಲುಗಳಲ್ಲಿ ಚಂಡೆಯ ದನಿ ಕೇಳದ ಇರುಳು ಅಪರೂಪ. ಹರಕೆಯ ಆಟವನ್ನು ಆಡಿಸುವ ಮನೆಯವರಿಗೆ ಆ ಒಂದು ರಾತ್ರಿ ಬಹುಕಾಲದ ನಿರೀಕ್ಷೆಯ ಫಲ. ಕಟೀಲು ಮೇಳದ ಆಟಕ್ಕೆ ಹೆಸರು ಕೊಟ್ಟು ವರ್ಷಗಟ್ಟಲೆ ಕಾಯುವವರು ಈ ಜಿಲ್ಲೆಯಲ್ಲಿ ವಿರಳರಲ್ಲ. ಆದುದರಿಂದ ಆ ರಾತ್ರಿಯ ಒಡ್ಡೋಲಗವೂ, ಭಾಗವತರ ಕಂಠವೂ, ಮಹಿಷಾಸುರನ ಆರ್ಭಟವೂ ಮೊಮ್ಮಕ್ಕಳ ಕಾಲಕ್ಕೂ ಉಳಿಯಲೆಂಬ ಅಪೇಕ್ಷೆ ಅವರಲ್ಲಿ ಹುಟ್ಟುವುದು ಸಹಜವೇ ಆಗಿದೆ. ಆ ಅಪೇಕ್ಷೆಯನ್ನು ಪೂರೈಸುವ ಹೊಣೆಯಾದರೋ, ಆಟ ಮುಗಿದು ಜನರು ಮನೆ ಸೇರಿದ ಮೇಲೆ, ನಗರದ ಯಾವುದೋ ಮಹಡಿಯ ಪುಟ್ಟ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತುಕೊಳ್ಳುವ ಸಂಕಲನಕಾರನ ಪಾಲಿಗೆ ಬರುತ್ತದೆ.

ಈ ಕೆಲಸ ಎಂಥದೆಂಬುದನ್ನು ಹತ್ತಿರದಿಂದ ನೋಡಿದವರಿಗೆ ಮಾತ್ರ ಅದರ ಭಾರ ತಿಳಿಯುವುದು. ರಂಗಸ್ಥಳದ ನೇರ ಎದುರಿಗೆ ಒಂದು ಕ್ಯಾಮೆರಾ, ಬಲಕ್ಕೊಂದು, ಹಿಮ್ಮೇಳದವರ ಮುಖ ಕಾಣುವಂತೆ ಮತ್ತೊಂದು. ಈ ಮೂರೂ ಬೇರೆ ಬೇರೆ ಗಳಿಗೆಯಲ್ಲಿ ಆರಂಭವಾಗಿ, ನಡುವೆ ಬ್ಯಾಟರಿ ಬದಲಿಸುವಾಗ ನಿಂತು, ಮತ್ತೆ ಮುಂದುವರಿದಿರುತ್ತವೆ. ಅವುಗಳನ್ನು ಒಂದೇ ಕಾಲಕ್ಕೆ ಹೊಂದಿಸುವುದು ಸಂಕಲನಕಾರನ ಮೊದಲ ಕೆಲಸ, ಮತ್ತು ಇಲ್ಲಿ ಅವನಿಗೆ ನೆರವಾಗುವುದು ಚಂಡೆಯೇ. ಧ್ವನಿಯ ರೇಖಾಚಿತ್ರದಲ್ಲಿ ಭಾಗವತಿಕೆಯೂ ಅರ್ಥಗಾರಿಕೆಯೂ ಮಂದವಾದ ಅಲೆಗಳಾಗಿ ಹಬ್ಬಿಕೊಂಡಿದ್ದರೆ, ಚಂಡೆಯ ಒಂದೊಂದು ಪೆಟ್ಟು ಚೂಪಾದ ಗೆರೆಯಾಗಿ ಎದ್ದು ನಿಲ್ಲುತ್ತದೆ. ಮೂರು ಕ್ಯಾಮೆರಾಗಳ ಮೂರು ಗೆರೆಗಳನ್ನು ಒಂದರ ಕೆಳಗೊಂದು ಕೂಡಿಸಿದಾಗ ಆ ಮೂರು ದೃಶ್ಯಗಳೂ ಒಂದೇ ಕ್ಷಣದವಾಗುತ್ತವೆ. ತರುವಾಯ ಮೂರನ್ನೂ ಪರದೆಯ ಮೇಲೆ ಏಕಕಾಲದಲ್ಲಿ ಓಡಿಸುತ್ತ, ಯಾವ ಗಳಿಗೆಗೆ ಯಾವ ನೋಟವೆಂದು ಆಯುತ್ತ ಹೋಗಬೇಕು. ಬಣ್ಣದ ವೇಷದ ಪ್ರವೇಶದಲ್ಲಿ ದೀವಟಿಗೆಗೆ ರಾಳದ ಪುಡಿ ಎರಚಿ ಜ್ವಾಲೆ ಭಗ್ಗೆಂದು ಏಳುವ ಆ ಒಂದು ಕ್ಷಣದಲ್ಲಿ ಎದುರಿನ ಕ್ಯಾಮೆರಾದಿಂದ ಪಕ್ಕದ ಕ್ಯಾಮೆರಾಕ್ಕೆ ನೋಟ ತಿರುಗಬೇಕೆಂದು ಅವನ ಮನಸ್ಸು ಹೇಳುತ್ತಿರುವಾಗಲೇ ಚಿತ್ರ ತಡವರಿಸಿ ನಿಂತುಬಿಟ್ಟರೆ, ತಾಳಜ್ಞಾನವುಳ್ಳ ಸಂಕಲನಕಾರನ ಕೈಯೂ ಅಲ್ಲಿ ನಿಷ್ಪ್ರಯೋಜಕವಾಗುತ್ತದೆ.

ಆಟವೊಂದೇ ಅಲ್ಲ. ವೈಶಾಖದ ಮದುವೆಗಳು, ಕ್ರೈಸ್ತರ ಮನೆಗಳ ರೋಸ್ ಸಮಾರಂಭ, ಬ್ರಹ್ಮಕಲಶೋತ್ಸವ, ನೇಮ, ನಾಟಕ, ಎಲ್ಲವೂ ಇಂದು ಚಿತ್ರೀಕರಣಗೊಳ್ಳುತ್ತವೆ. ೧೯೭೧ರಲ್ಲಿ ‘ಎನ್ನ ತಂಗಡಿ’ಯಿಂದ ಆರಂಭವಾದ ತುಳು ಚಿತ್ರರಂಗವು ೨೦೧೧ರ ‘ಒರಿಯರ್ದೊರಿ ಅಸಲ್’ನ ಯಶಸ್ಸಿನಿಂದ ಮತ್ತೆ ಚೇತರಿಸಿಕೊಂಡ ಮೇಲಂತೂ, ಈ ಊರಿನಲ್ಲಿ ಸಂಕಲನವನ್ನೇ ವೃತ್ತಿಯಾಗಿ ಹಿಡಿಯಬಯಸುವ ತರುಣರಿಗೆ ಉತ್ಸಾಹ ಬಂದಿದೆ. ಕ್ಯಾಮೆರಾಗಳು ಎರಡು ಮೂರು ವರ್ಷಗಳಿಗೊಮ್ಮೆ ಬದಲಾಗುತ್ತಿವೆ. ಆದರೆ ಮೇಜಿನ ಕೆಳಗಿನ ಕಂಪ್ಯೂಟರು ಮಾತ್ರ ಹಿಂದಿನದೇ. ಒಂದು ದಿನ ಅದು ಹ್ಯಾಂಗ್ ಆಗುತ್ತದೆ, ಮರುದಿನವೂ ಆಗುತ್ತದೆ. ಆಗ ಬಲ್ಮಠದ ಕಡೆಯ ಅಂಗಡಿಗೆ ಹೋಗಿ, “ಎಡಿಟಿಂಗಿಗೆ ಒಂದು ಒಳ್ಳೆ ಕಾರ್ಡು ಕೊಡಿ ಮಾರಾಯ್ರೆ, ತುಂಬಾ ಸ್ಲೋ ಆಗ್ತಾ ಉಂಟು” ಎಂದು ಕೇಳುವುದು, ಅಂಗಡಿಯವರು “ಬಜೆಟ್ ಎಷ್ಟುಂಟು?” ಎಂದು ವಿಚಾರಿಸಿ ಆ ಮೊತ್ತಕ್ಕೆ ಸಿಗುವ ಅತ್ಯಂತ ದೊಡ್ಡ ಗ್ರಾಫಿಕ್ಸ್ ಕಾರ್ಡನ್ನು ಕಟ್ಟಿಕೊಡುವುದು, ಇದು ರೂಢಿ. ಕಾರ್ಡು ಕೂತ ಮೇಲೂ ಆಟದ ದೃಶ್ಯ ಮೊದಲಿನಂತೆಯೇ ತಡವರಿಸಿದಾಗ ಆಗುವ ನಿರಾಶೆ ಹಣದ ನಷ್ಟಕ್ಕಿಂತ ದೊಡ್ಡದು. ಆ ನಿರಾಶೆ ಅನಾವಶ್ಯಕವೆಂದೂ, ಯಂತ್ರದ ಯಾವ ಅಂಗವು ಯಾವುದಕ್ಕಾಗಿ ಕಾಯುತ್ತಿದೆಯೆಂಬುದನ್ನು ಅರಿಯದೆ ಒಂದು ರೂಪಾಯಿಯನ್ನೂ ವ್ಯಯಿಸಬಾರದೆಂದೂ ನಾನು ದೃಢವಾಗಿ ನಂಬಿರುವುದರಿಂದಲೇ ಈ ವಿಷಯವನ್ನು ವಿಸ್ತಾರವಾಗಿ ಬರೆಯಲು ಹೊರಟಿದ್ದೇನೆ.

ಮೊದಲು ಗಾತ್ರದ ಲೆಕ್ಕವನ್ನು ನೋಡೋಣ. ಇಂದು ಸಾಮಾನ್ಯವಾಗಿ ಬಳಕೆಯಲ್ಲಿರುವ ಕ್ಯಾಮೆರಾಗಳು ೪ಕೆ ಚಿತ್ರವನ್ನು ಸೆಕೆಂಡಿಗೆ ೧೦೦ ಮೆಗಾಬಿಟ್ ಪ್ರಮಾಣದಲ್ಲಿ ದಾಖಲಿಸುತ್ತವೆಯೆಂದು ಇಟ್ಟುಕೊಂಡರೆ, ಅದು ಸೆಕೆಂಡಿಗೆ ೧೨.೫ ಮೆಗಾಬೈಟು, ಗಂಟೆಗೆ ೪೫ ಗಿಗಾಬೈಟು. ಎಂಟು ಗಂಟೆಗಳ ಇಡೀ ರಾತ್ರಿಯ ಆಟ, ಮೂರು ಕ್ಯಾಮೆರಾ. ಒಟ್ಟು ೨೪ ಗಂಟೆಗಳ ಚಿತ್ರ, ೧,೦೮೦ ಗಿಗಾಬೈಟು. ಐದು ಗಂಟೆಗಳ ಕಾಲಮಿತಿಯ ಆಟವಾದರೂ ೬೭೫ ಗಿಗಾಬೈಟಿಗೆ ಕಡಮೆಯಿಲ್ಲ. ಈ ರಾಶಿಯನ್ನು ಕಂಡು ಭಯಪಡುವವರು ವೇಗದ ಡಿಸ್ಕನ್ನು ಕೊಂಡರೆ ಸಾಕೆಂದು ಭಾವಿಸುವುದುಂಟು. ಆದರೆ ಸ್ವಲ್ಪ ತಾಳಿ ನೋಡಿದರೆ, ಮೂರು ಕ್ಯಾಮೆರಾಗಳನ್ನೂ ಒಮ್ಮೆಗೇ ಓಡಿಸಲು ಬೇಕಾದದ್ದು ಸೆಕೆಂಡಿಗೆ ೩೭.೫ ಮೆಗಾಬೈಟು ಮಾತ್ರ. ಸಾಧಾರಣ ಹಾರ್ಡ್ ಡಿಸ್ಕೂ ಸಾಲಾಗಿ ಓದುವಾಗ ೧೫೦ ಮೆಗಾಬೈಟನ್ನು ಕೊಡಬಲ್ಲುದು, ಸಾಟಾ ಎಸ್‌ಎಸ್‌ಡಿ ೫೫೦ರ ಸಮೀಪ, ನಾಲ್ಕನೆಯ ಪೀಳಿಗೆಯ ಎನ್‌ವಿಎಂಇ ಡಿಸ್ಕು ೭,೦೦೦ ಮೆಗಾಬೈಟಿನ ತನಕ. ಹಾಗಿದ್ದರೆ ಚಿತ್ರ ತಡವರಿಸುವುದೇಕೆ?

ಇದಕ್ಕೆ ಉತ್ತರ ದೊರೆಯುವುದು ಚಿತ್ರವನ್ನು ಅಡಕಗೊಳಿಸುವ ಕ್ರಮದಲ್ಲಿ. ೩,೮೪೦ಕ್ಕೆ ೨,೧೬೦ ಚುಕ್ಕೆಗಳ ಒಂದು ಚೌಕಟ್ಟಿನಲ್ಲಿ ಸುಮಾರು ೮೩ ಲಕ್ಷ ಚುಕ್ಕೆಗಳಿರುತ್ತವೆ. ಸೆಕೆಂಡಿಗೆ ೨೫ ಚೌಕಟ್ಟುಗಳಂತೆ, ಪ್ರತಿಯೊಂದು ಚುಕ್ಕೆಗೂ ೨೦ ಬಿಟ್ ಬಣ್ಣದ ಮಾಹಿತಿಯಂತೆ ಲೆಕ್ಕ ಹಾಕಿದರೆ, ಅಡಕಗೊಳಿಸದ ಚಿತ್ರಕ್ಕೆ ಸೆಕೆಂಡಿಗೆ ೫೧೮ ಮೆಗಾಬೈಟು ಬೇಕು. ಕ್ಯಾಮೆರಾವು ಅದನ್ನು ಸುಮಾರು ೪೦ ಪಟ್ಟು ಕುಗ್ಗಿಸಿ ೧೨.೫ ಮೆಗಾಬೈಟಿಗೆ ಇಳಿಸಿಬಿಟ್ಟಿರುತ್ತದೆ. ಹೇಗೆಂದರೆ, ೨೦೦೩ರಲ್ಲಿ ಬಂದ ಎಚ್.೨೬೪ ಆಗಲಿ, ೨೦೧೩ರಲ್ಲಿ ಬಂದ ಎಚ್.೨೬೫ ಆಗಲಿ, ಸಾಮಾನ್ಯವಾಗಿ ಪ್ರತಿ ಚೌಕಟ್ಟನ್ನೂ ಪೂರ್ತಿಯಾಗಿ ಬರೆದಿಡುವುದಿಲ್ಲ. ಹತ್ತು ಹದಿನೈದು ಅಥವಾ ಇನ್ನೂ ಹೆಚ್ಚು ಚೌಕಟ್ಟುಗಳ ಒಂದು ಗುಂಪಿಗೆ ಒಂದನ್ನು ಮಾತ್ರ ಸಂಪೂರ್ಣವಾಗಿ ಬರೆದು, ಉಳಿದವುಗಳಲ್ಲಿ ಅದಕ್ಕಿಂತ ಏನು ಬದಲಾಯಿತೆಂಬುದನ್ನಷ್ಟೇ ಟಿಪ್ಪಣಿ ಮಾಡುತ್ತವೆ. ನೋಡುವವನಿಗೆ ಇದರಿಂದ ತೊಂದರೆಯಿಲ್ಲ, ಅವನು ಮುಂದಕ್ಕೇ ಹೋಗುತ್ತಾನೆ. ಸಂಕಲನಕಾರನಾದರೋ ಗಳಿಗೆಗೊಮ್ಮೆ ಹಿಂದಕ್ಕೆ ಹೋಗುತ್ತಾನೆ, ನಡುವೆ ನಿಲ್ಲುತ್ತಾನೆ, ಒಂದೇ ಚೌಕಟ್ಟನ್ನು ಹಿಡಿದು ನೋಡುತ್ತಾನೆ. ಆ ಒಂದು ಚೌಕಟ್ಟನ್ನು ತೋರಿಸುವುದಕ್ಕಾಗಿ ಯಂತ್ರವು ಆ ಗುಂಪಿನ ಮೊದಲಿನಿಂದ ಬಿಡಿಸಿಕೊಂಡು ಬರಬೇಕು. ಮೂರು ಕ್ಯಾಮೆರಾಗಳೆಂದರೆ ಈ ಬಿಡಿಸುವ ಕೆಲಸ ಮೂರು ಪಟ್ಟು. ಡಿಸ್ಕಿನಿಂದ ಸುಲಭವಾಗಿ ಬಂದ ೩೭.೫ ಮೆಗಾಬೈಟು, ಬಿಡಿಸಿದ ಮೇಲೆ ಸೆಕೆಂಡಿಗೆ ಒಂದೂವರೆ ಗಿಗಾಬೈಟನ್ನು ಮೀರುತ್ತದೆ. ಹೆಚ್ಚಿನ ಸ್ಟುಡಿಯೊಗಳಲ್ಲಿ ಯಂತ್ರ ಬಳಲುತ್ತಿರುವುದು ಈ ಬಿಡಿಸುವಿಕೆಯಲ್ಲಿಯೇ.

ಹಿಂದಿನ ಕಾಲದಲ್ಲಿ ಕಷ್ಟವು ಬೇರೆ ಬಗೆಯದಾಗಿತ್ತು. ವಿಎಚ್‌ಎಸ್ ಕಾಲದಲ್ಲಿ ಎರಡು ಡೆಕ್ಕುಗಳನ್ನು ಜೋಡಿಸಿ ಒಂದರಿಂದ ಇನ್ನೊಂದಕ್ಕೆ ಪ್ರತಿ ತೆಗೆಯುತ್ತ ಸಂಕಲನ ಮಾಡುತ್ತಿದ್ದರು. ಪ್ರತಿಯ ಪ್ರತಿಯಲ್ಲಿ ಬಣ್ಣ ಮಾಸುತ್ತಿತ್ತು. ಮಿನಿ ಡಿವಿ ಕ್ಯಾಸೆಟ್ಟು ಬಂದ ಮೇಲೆ ಸೆಕೆಂಡಿಗೆ ೨೫ ಮೆಗಾಬಿಟ್ ಚಿತ್ರ, ಗಂಟೆಗೆ ಸುಮಾರು ೧೩ ಗಿಗಾಬೈಟು. ಒಂದು ಗಂಟೆಯ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಲು ಒಂದು ಗಂಟೆಯೇ ಬೇಕಾಗುತ್ತಿದ್ದರೂ, ಅದರಲ್ಲಿ ಪ್ರತಿಯೊಂದು ಚೌಕಟ್ಟೂ ಸ್ವತಂತ್ರವಾಗಿತ್ತು. ಆಗಿನ ಪ್ರೊಸೆಸರುಗಳು ಅಶಕ್ತವಾಗಿದ್ದುದರಿಂದ ಜಪಾನಿನ ಕೆನೋಪಸ್ ಮೊದಲಾದ ಸಂಸ್ಥೆಗಳ ಪ್ರತ್ಯೇಕ ಫಲಕಗಳನ್ನು ಕಂಪ್ಯೂಟರಿನೊಳಗೆ ಕೂಡಿಸುತ್ತಿದ್ದರು. ಮದುವೆಯ ಸ್ಟುಡಿಯೊಗಳಲ್ಲಿ ಇಂದಿಗೂ ಪ್ರೀತಿಯಿಂದ ಬಳಸುವ ಎಡಿಯಸ್ ತಂತ್ರಾಂಶ ಆ ಸಂಸ್ಥೆಯಿಂದಲೇ ಬಂದದ್ದು. ಆ ಫಲಕದ ಸ್ಥಾನದಲ್ಲಿ ಇಂದು ಪ್ರೊಸೆಸರಿನ ಅಥವಾ ಗ್ರಾಫಿಕ್ಸ್ ಕಾರ್ಡಿನ ಒಂದು ಮೂಲೆಯಲ್ಲಿ ಅಡಗಿರುವ, ಚಿತ್ರವನ್ನು ಬಿಡಿಸುವುದಕ್ಕೆಂದೇ ಮೀಸಲಾದ ಪುಟ್ಟ ಅಂಗವೊಂದಿದೆ. ಇಂಟೆಲ್ಲಿನವರು ೨೦೧೧ರಲ್ಲಿ ಅದಕ್ಕೆ ಕ್ವಿಕ್ ಸಿಂಕ್ ಎಂದು ಹೆಸರಿಟ್ಟರು. ಅದಿದ್ದರೆ ಪ್ರೊಸೆಸರಿಗೆ ಬಿಡುವು. ಇಲ್ಲದಿದ್ದರೆ ಅಥವಾ ಅದು ಆ ಬಗೆಯ ಚಿತ್ರವನ್ನು ಅರಿಯದಿದ್ದರೆ, ಸಮಸ್ತ ಭಾರವೂ ಪ್ರೊಸೆಸರಿನ ಹೆಗಲಿಗೇರುತ್ತದೆ.

“ಆ ಬಗೆಯ ಚಿತ್ರ” ಎಂದೆನಲ್ಲವೆ? ಕೊಳ್ಳುವವನು ಮರೆಯಬಾರದ ಮರ್ಮ ಇಲ್ಲಿದೆ, ಮತ್ತು ಯಕ್ಷಗಾನಕ್ಕೆ ಇದು ವಿಶೇಷವಾಗಿ ಸಂಬಂಧಿಸಿದ್ದು. ಕ್ಯಾಮೆರಾಗಳು ಬೆಳಕಿನ ತೀವ್ರತೆಯನ್ನು ಪ್ರತಿ ಚುಕ್ಕೆಗೂ ದಾಖಲಿಸಿದರೂ, ಬಣ್ಣವನ್ನು ಕೆಲವೇ ಚುಕ್ಕೆಗಳಿಗೆ ದಾಖಲಿಸಿ ಉಳಿದವಕ್ಕೆ ಹಂಚಿಬಿಡುತ್ತವೆ. ೪:೨:೦ ಎಂಬ ಕ್ರಮದಲ್ಲಿ ನಾಲ್ಕು ಚುಕ್ಕೆಗಳ ಒಂದು ಚೌಕಕ್ಕೆ ಒಂದೇ ಬಣ್ಣದ ಮಾಹಿತಿ. ೪:೨:೨ರಲ್ಲಿ ಅದರ ಇಮ್ಮಡಿ. ಮಾಮೂಲಿ ದೃಶ್ಯಗಳಲ್ಲಿ ಈ ವ್ಯತ್ಯಾಸ ಕಣ್ಣಿಗೆ ಬೀಳದು. ಆದರೆ ತೆಂಕುತಿಟ್ಟಿನ ಬಣ್ಣದ ವೇಷವನ್ನು ನೆನೆದುಕೊಳ್ಳಿ: ಕಪ್ಪು ಇರುಳಿನ ಹಿನ್ನೆಲೆ, ಮುಖದ ಮೇಲೆ ಕೆಂಪು ಕಪ್ಪುಗಳ ನಡುವೆ ಒಂದೊಂದಾಗಿ ಇಟ್ಟ ಚುಟ್ಟಿಯ ಬಿಳಿಯ ಮುಳ್ಳುಗಳು, ಕೆಂಪು ವಸ್ತ್ರಕ್ಕೆ ಹೊನ್ನಿನ ಬಣ್ಣದ ಆಭರಣದ ಅಂಚು. ಗಾಢವಾದ ಕೆಂಪು ಕಪ್ಪನ್ನು ಸೇರುವ ಆ ಅಂಚಿನಲ್ಲಿ ೪:೨:೦ ಚಿತ್ರವು ಮೆಟ್ಟಿಲು ಮೆಟ್ಟಿಲಾಗಿ ಒಡೆದು ಕಾಣುತ್ತದೆ. ಬಣ್ಣವನ್ನು ತಿದ್ದಲು ಹೊರಟರೆ ಇನ್ನಷ್ಟು ಒಡೆಯುತ್ತದೆ. ಚೌಕಿಯಲ್ಲಿ ಗಂಟೆಗಟ್ಟಲೆ ಕುಳಿತು ಬರೆದುಕೊಂಡ ಆ ಮುಖವರ್ಣಿಕೆಗೆ ನ್ಯಾಯ ಸಲ್ಲಬೇಕಾದರೆ ೧೦ ಬಿಟ್ಟಿನ ೪:೨:೨ ದಾಖಲೆಯೇ ಉತ್ತಮವೆಂಬುದು ನನ್ನ ಅಭಿಪ್ರಾಯ. ೨೦೨೦ರಿಂದೀಚೆಗೆ ಸೋನಿ, ಕೆನಾನ್ ಮೊದಲಾದವರ ಹಲವು ಕ್ಯಾಮೆರಾಗಳು ಈ ಸೌಲಭ್ಯವನ್ನು ಸ್ಟುಡಿಯೊಗಳ ಕೈಗೆಟಕುವಂತೆ ಮಾಡಿವೆ.

ಸಂಕಟವಿರುವುದೂ ಇಲ್ಲಿಯೇ. ಎನ್‌ವಿಡಿಯಾ ಸಂಸ್ಥೆಯ ಗ್ರಾಫಿಕ್ಸ್ ಕಾರ್ಡುಗಳು ಎಷ್ಟೇ ಬಲಿಷ್ಠವಾಗಿದ್ದರೂ, ೨೦೨೫ರಲ್ಲಿ ಬಂದ ಆರ್‌ಟಿಎಕ್ಸ್ ೫೦ ಸರಣಿಯ ತನಕ, ೪:೨:೨ ಚಿತ್ರವನ್ನು ಬಿಡಿಸುವ ಅಂಗ ಅವುಗಳಲ್ಲಿರಲಿಲ್ಲ. ಅಂದರೆ ೩೦ ಅಥವಾ ೪೦ ಸರಣಿಯ ದುಬಾರಿ ಕಾರ್ಡನ್ನು ಕೂಡಿಸಿದವನ ಆಟದ ಚಿತ್ರವನ್ನು ಬಿಡಿಸುತ್ತಿದ್ದುದು ಅವನ ಹಳೆಯ ಪ್ರೊಸೆಸರೇ; ಕಾರ್ಡು ಪಕ್ಕದಲ್ಲಿ ಸುಮ್ಮನೆ ಕುಳಿತಿತ್ತು. ಅದೇ ಸಮಯದಲ್ಲಿ, ೨೦೨೧ರ ಹನ್ನೊಂದನೆಯ ಪೀಳಿಗೆಯಿಂದೀಚಿನ ಇಂಟೆಲ್ ಡೆಸ್ಕ್‌ಟಾಪ್ ಪ್ರೊಸೆಸರಿನ ಒಳಗಿರುವ ಸಾಧಾರಣ ಗ್ರಾಫಿಕ್ಸು ೧೦ ಬಿಟ್ಟಿನ ೪:೨:೨ ಎಚ್.೨೬೫ ಚಿತ್ರವನ್ನು ಸಲೀಸಾಗಿ ಬಿಡಿಸುತ್ತದೆ. ೨೦೨೦ರ ನವೆಂಬರಿನಲ್ಲಿ ಬಂದ ಆ್ಯಪಲ್‌ನ ಎಂ೧ ಚಿಪ್ಪಿಗೂ ಈ ಸಾಮರ್ಥ್ಯವಿದೆ. ಸಣ್ಣ ಲ್ಯಾಪ್‌ಟಾಪೊಂದು ದೊಡ್ಡ ಡೆಸ್ಕ್‌ಟಾಪನ್ನು ಹಿಂದಿಕ್ಕುವುದನ್ನು ಕಂಡು ಅನೇಕರು ಬೆರಗಾದದ್ದರ ಕಾರಣ ಬಹುಮಟ್ಟಿಗೆ ಇದೇ. ಆದರೆ ಒಂದು ಎಚ್ಚರಿಕೆ: ಹನ್ನೊಂದರಿಂದ ಹದಿನಾಲ್ಕನೆಯ ಪೀಳಿಗೆಯ ತನಕದ ಇಂಟೆಲ್ಲಿನ ಈ ಅಂಗಕ್ಕೆ ೪:೨:೨ರ ಎಚ್.೨೬೫ ತಿಳಿಯುತ್ತದೆಯೇ ಹೊರತು ೪:೨:೨ರ ಎಚ್.೨೬೪ ತಿಳಿಯುವುದಿಲ್ಲ. ಆದಕಾರಣ ಯಂತ್ರವನ್ನು ಬದಲಿಸುವ ಮುನ್ನ ಕ್ಯಾಮೆರಾದ ಮೆನುವನ್ನೊಮ್ಮೆ ತೆರೆದು, ತಾನು ಇಷ್ಟು ದಿನ ಯಾವುದರಲ್ಲಿ ದಾಖಲಿಸುತ್ತಿದ್ದೇನೆ ಎಂಬುದನ್ನು ನೋಡಿಕೊಳ್ಳುವುದು ಅವಶ್ಯ. ಕೆಲವೊಮ್ಮೆ ಅಲ್ಲಿನ ಒಂದು ಆಯ್ಕೆಯನ್ನು ಬದಲಿಸಿದರೆ ಖರ್ಚೇ ತಪ್ಪುತ್ತದೆ.

ಅಂಗಡಿಯ ಗಲ್ಲೆಯ ಮುಂದೆ ನಿಂತಾಗ ಮೋಸಹೋಗುವ ಸಂದರ್ಭಗಳು ಎರಡು. ಇಂಟೆಲ್ ಪ್ರೊಸೆಸರಿನ ಸಂಖ್ಯೆಯ ಕೊನೆಗೆ ‘ಎಫ್’ ಎಂಬ ಅಕ್ಷರವಿದ್ದರೆ ಅದರಲ್ಲಿ ಒಳಗಣ ಗ್ರಾಫಿಕ್ಸು ಇಲ್ಲವೆಂದರ್ಥ. ೧೨೪೦೦ ಮತ್ತು ೧೨೪೦೦ಎಫ್ ಎರಡಕ್ಕೂ ಬೆಲೆಯಲ್ಲಿ ತುಸುವೇ ಅಂತರ, ಕಂಪ್ಯೂಟರ್ ಆಟಗಳನ್ನಾಡುವ ಹುಡುಗರಿಗೆ ಎರಡೂ ಒಂದೇ, ಆದರೆ ಸಂಕಲನಕಾರನಿಗೆ ಆ ಒಂದಕ್ಷರದಿಂದ ಕ್ವಿಕ್ ಸಿಂಕ್ ಪೂರ್ತಿಯಾಗಿ ಕೈತಪ್ಪಿಹೋಗುತ್ತದೆ. ಎರಡನೆಯದು, ದೊಡ್ಡ ಕಂಪೆನಿಗಳು ಬಳಸಿ ಬಿಟ್ಟ ಝಿಯಾನ್ ವರ್ಕ್‌ಸ್ಟೇಷನ್ನುಗಳು. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಅಗ್ಗದ ಬೆಲೆಗೆ ಬರುವ ಈ ಗಟ್ಟಿಮುಟ್ಟಾದ ಯಂತ್ರಗಳಲ್ಲಿ ಹದಿನಾಲ್ಕು, ಹದಿನೆಂಟು ಕೋರ್‌ಗಳಿರುವುದನ್ನು ಕಂಡು ಮನಸ್ಸು ಸೋಲುವುದು ತಪ್ಪಲ್ಲ; ಮೂರು ಆಯಾಮದ ಚಿತ್ರಗಳನ್ನು ರೆಂಡರ್ ಮಾಡುವವರಿಗೆ ಅವು ಉಪಯುಕ್ತವೂ ಹೌದು. ಆದರೆ ಝಿಯಾನ್ ಇ೫ ಸರಣಿಯಲ್ಲಿ ಚಿತ್ರ ಬಿಡಿಸುವ ಅಂಗವೇ ಇಲ್ಲ. ಈಗಾಗಲೇ ಸರಿಯಾದ ಪ್ರೊಸೆಸರನ್ನು ಹೊಂದಿದ್ದೂ ಅದರ ಪ್ರಯೋಜನವನ್ನು ಪಡೆಯದವರೂ ಇದ್ದಾರೆ: ಬೇರೆ ಗ್ರಾಫಿಕ್ಸ್ ಕಾರ್ಡು ಕೂಡಿಸಿದೊಡನೆ ಹಲವು ಮದರ್‌ಬೋರ್ಡುಗಳು ಒಳಗಣ ಗ್ರಾಫಿಕ್ಸನ್ನು ತಾವಾಗಿಯೇ ನಿಲ್ಲಿಸಿಬಿಡುತ್ತವೆ, ಬಯಾಸ್‌ನೊಳಗೆ ಹೋಗಿ ಅದನ್ನು ಮತ್ತೆ ಚಾಲೂ ಮಾಡಿ ಡ್ರೈವರ್ ಹಾಕಿದರೆ ಹಣವಿಲ್ಲದೆ ವೇಗ ಬರುತ್ತದೆ. ತಂತ್ರಾಂಶದ ಕಡೆಯಿಂದಲೂ ಇಂಥದೊಂದು ಬಾಗಿಲಿದೆ. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯು ವಿಂಡೋಸ್‌ನಲ್ಲಿ ಈ ಬಿಡಿಸುವ ಅಂಗವನ್ನು ಬಳಸಿಕೊಳ್ಳುವುದಿಲ್ಲ. ೨೯೫ ಡಾಲರಿಗೆ ಒಮ್ಮೆ ಕೊಳ್ಳುವ ಸ್ಟುಡಿಯೊ ಆವೃತ್ತಿ ಬಳಸಿಕೊಳ್ಳುತ್ತದೆ. ಅಂಥ ಸಂದರ್ಭದಲ್ಲಿ ಬಿಡಿಭಾಗಕ್ಕೆ ಹಾಕುವ ಹಣವನ್ನು ತಂತ್ರಾಂಶಕ್ಕೆ ಹಾಕುವುದೇ ವಿವೇಕ.

ಇವೆಲ್ಲವೂ ನನ್ನ ಯಂತ್ರಕ್ಕೆ ಅನ್ವಯಿಸುತ್ತವೆಯೇ ಎಂದು ಕೇಳುವವರು ಪರೀಕ್ಷೆಯನ್ನು ತಾವೇ ಮಾಡಿಕೊಳ್ಳಬಹುದು. ಆಟದ ಮೂರು ಕ್ಯಾಮೆರಾಗಳ ದೃಶ್ಯವನ್ನು ಟೈಮ್‌ಲೈನಿನ ಮೇಲೆ ಓಡಿಸುತ್ತಿರುವಾಗಲೇ ವಿಂಡೋಸಿನ ಟಾಸ್ಕ್ ಮ್ಯಾನೇಜರನ್ನು ತೆರೆದು ಪರ್ಫಾರ್ಮೆನ್ಸ್ ಪುಟವನ್ನು ನೋಡಬೇಕು. ಪ್ರೊಸೆಸರಿನ ಗೆರೆ ನೂರನ್ನು ಮುಟ್ಟಿ ಅಲ್ಲಿಯೇ ನಿಂತು, ಗ್ರಾಫಿಕ್ಸಿನ ಪುಟದಲ್ಲಿ ‘ವಿಡಿಯೊ ಡಿಕೋಡ್’ ಎಂಬ ಚೌಕ ಸೊನ್ನೆಯಲ್ಲಿ ಮಲಗಿದ್ದರೆ, ಮೇಲೆ ಹೇಳಿದ್ದೇ ರೋಗ. ಪ್ರೊಸೆಸರು ಅರ್ಧದಲ್ಲಿದ್ದು ಡಿಸ್ಕು ನೂರರಲ್ಲಿದ್ದರೆ ಡಿಸ್ಕಿನದು. ಮೆಮೊರಿ ತೊಂಬತ್ತೈದನ್ನು ದಾಟಿದ್ದರೆ ರ‍್ಯಾಮಿನದು. ಬರಿಯ ಕತ್ತರಿಸುವಾಗ ಎಲ್ಲವೂ ಸರಿಯಾಗಿದ್ದು, ಬಣ್ಣ ತಿದ್ದಿದ ಮೇಲೆ ಅಥವಾ ಕತ್ತಲೆಯ ದೃಶ್ಯದ ನಾಯ್ಸ್ ತೆಗೆಯಲು ಹೊರಟಾಗ ಮಾತ್ರ ನಿಂತರೆ, ಆಗ ಗ್ರಾಫಿಕ್ಸ್ ಕಾರ್ಡನ್ನು ಕುರಿತು ಯೋಚಿಸಬೇಕು. ಈ ನಾಲ್ಕರಲ್ಲಿ ಯಾವುದೆಂದು ತಿಳಿಯದೆ ಅಂಗಡಿಗೆ ಹೋಗುವುದು ರೋಗವನ್ನು ಹೇಳದೆ ಔಷಧಿ ಕೇಳಿದಂತೆ.

ರೋಗ ಬಿಡಿಸುವಿಕೆಯದೆಂದು ಖಚಿತವಾದ ಮೇಲೂ ಕೂಡಲೇ ಕೊಳ್ಳಬೇಕೆಂದಿಲ್ಲ. ಪ್ರಾಕ್ಸಿ ಎಂಬ ಉಪಾಯವೊಂದಿದೆ. ಅದನ್ನು ನಮ್ಮವರು ತಕ್ಕಷ್ಟು ಬಳಸುತ್ತಿಲ್ಲವೆಂದು ನನಗೆ ಖೇದವಿದೆ. ಮೂಲ ಚಿತ್ರಗಳಿಂದ ಕಿರಿಯ ಗಾತ್ರದ, ಪ್ರತಿ ಚೌಕಟ್ಟೂ ಸ್ವತಂತ್ರವಾಗಿರುವ ಪ್ರತಿಗಳನ್ನು ಯಂತ್ರವೇ ಮಾಡಿಕೊಳ್ಳುತ್ತದೆ. ಸಂಕಲನವೆಲ್ಲ ಆ ಪ್ರತಿಗಳ ಮೇಲೆ ನಡೆದು, ಕೊನೆಗೆ ಎಕ್ಸ್‌ಪೋರ್ಟ್ ಮಾಡುವಾಗ ಮೂಲಚಿತ್ರಗಳು ತಮ್ಮ ಸ್ಥಾನಕ್ಕೆ ಮರಳುತ್ತವೆ. ಆ್ಯಪಲ್‌ನ ಪ್ರೋರೆಸ್ ಪ್ರಾಕ್ಸಿಯಲ್ಲಿ ೧,೦೮೦ ಸಾಲಿನ, ಸೆಕೆಂಡಿಗೆ ೨೫ ಚೌಕಟ್ಟಿನ ಚಿತ್ರಕ್ಕೆ ಗಂಟೆಗೆ ೧೭ ಗಿಗಾಬೈಟು ಸಾಕು. ಇಡೀ ರಾತ್ರಿಯ ೨೪ ಗಂಟೆಗಳ ಚಿತ್ರಕ್ಕೆ ಸುಮಾರು ೪೧೦. ಬೆಳಿಗ್ಗೆ ಕ್ಯಾಮೆರಾದ ಕಾರ್ಡುಗಳಿಂದ ಚಿತ್ರವನ್ನು ಇಳಿಸಿ, ಪ್ರಾಕ್ಸಿ ಮಾಡಲು ಹಚ್ಚಿ, ರಾತ್ರಿಯೆಲ್ಲ ಎಚ್ಚರವಿದ್ದ ಸಂಕಲನಕಾರ ನಿದ್ದೆ ಮಾಡಿದರೆ, ಎದ್ದಾಗ ಸಾಕಷ್ಟು ಕೆಲಸ ಆಗಿರುತ್ತದೆ. ಎಂಟು ಹತ್ತು ವರ್ಷ ಹಳೆಯ ಯಂತ್ರವೂ ಈ ಕ್ರಮದಲ್ಲಿ ಮೂರು ಕ್ಯಾಮೆರಾಗಳ ಆಟವನ್ನು ಹೊತ್ತು ನಿಲ್ಲುತ್ತದೆ. ಮರುದಿನವೇ ಯೂಟ್ಯೂಬಿಗೆ ಹಾಕಬೇಕೆಂಬ ಒತ್ತಡವಿರುವವರಿಗೆ ಮಾತ್ರ ಇದು ಒಗ್ಗದು. ಅವರಿಗೆ ಹೊಸ ಪ್ರೊಸೆಸರೇ ಗತಿ. ಹೊಸ ಪ್ರೊಸೆಸರು ಬೇಡ, ಮದರ್‌ಬೋರ್ಡು ಇನ್ನೂ ಚೆನ್ನಾಗಿದೆ ಎನ್ನುವವರಿಗೆ ೨೦೨೨ರಿಂದ ಸಿಗುವ ಇಂಟೆಲ್ಲಿನ ಆರ್ಕ್ ಎ೩೮೦ನಂಥ ಸಣ್ಣ ಕಾರ್ಡೂ ಒಂದು ದಾರಿ, ೪:೨:೨ ಎಚ್.೨೬೫ನ್ನು ಅದು ಬಿಡಿಸಬಲ್ಲುದು. ಆದರೆ ರಿಸೈಜಬಲ್ ಬಾರ್ ಎಂಬ ಸೌಲಭ್ಯವಿಲ್ಲದ ಹಳೆಯ ಬೋರ್ಡಿನಲ್ಲಿ ಅದರ ಬಲ ಕುಂದುತ್ತದೆಂಬುದನ್ನು ತಿಳಿದು ಕೊಳ್ಳಬೇಕು.

ರ‍್ಯಾಮನ್ನು ಕುರಿತು ಹೆಚ್ಚು ಹೇಳಬೇಕಾದ್ದಿಲ್ಲ. ೪ಕೆ ಕೆಲಸಕ್ಕೆ ೩೨ ಗಿಗಾಬೈಟು ಇರಲಿ, ಅದು ಒಂದು ಕಡ್ಡಿಯಾಗಿರದೆ ಎರಡಾಗಿರಲಿ, ಡಿಡಿಆರ್೪ರ ಬೋರ್ಡಿಗೆ ಡಿಡಿಆರ್೫ ಕೂರುವುದಿಲ್ಲವೆಂಬುದು ನೆನಪಿರಲಿ. ಎಐ ಡೇಟಾ ಕೇಂದ್ರಗಳ ಬೇಡಿಕೆಯಿಂದಾಗಿ ೨೦೨೫ರ ಕೊನೆಯ ತಿಂಗಳುಗಳಲ್ಲಿ ಮೆಮೊರಿಯ ಬೆಲೆ ವಿಪರೀತವಾಗಿ ಏರಿತು. ಕ್ರೂಷಿಯಲ್ ಹೆಸರಿನಲ್ಲಿ ಸಾಮಾನ್ಯ ಗ್ರಾಹಕರಿಗೆ ಮಾರುತ್ತಿದ್ದ ಮೈಕ್ರಾನ್ ಸಂಸ್ಥೆ ಆ ವ್ಯಾಪಾರದಿಂದಲೇ ಹಿಂದೆ ಸರಿಯುವುದಾಗಿ ಡಿಸೆಂಬರಿನಲ್ಲಿ ಘೋಷಿಸಿತು. ಹೀಗಿರುವಾಗ ೧೬ ಇದ್ದವರು ಟಾಸ್ಕ್ ಮ್ಯಾನೇಜರಿನ ಸಾಕ್ಷ್ಯವಿಲ್ಲದೆ ೬೪ಕ್ಕೆ ಹಾರುವುದು ದುಂದು. ಡಿಸ್ಕಿನ ವಿಷಯದಲ್ಲಿಯೂ ವ್ಯವಸ್ಥೆಯೇ ವೇಗಕ್ಕಿಂತ ಮುಖ್ಯ: ತಂತ್ರಾಂಶಕ್ಕೊಂದು ಎಸ್‌ಎಸ್‌ಡಿ, ಪ್ರಾಕ್ಸಿ ಮತ್ತು ಕ್ಯಾಶ್‌ಗೆ ಮತ್ತೊಂದು, ಮೂಲಚಿತ್ರಗಳಿಗೆ ದೊಡ್ಡ ಹಾರ್ಡ್ ಡಿಸ್ಕು, ಅದರ ಪ್ರತಿಗೆ ಇನ್ನೊಂದು. ಒಂದು ರಾತ್ರಿಯ ೧,೦೮೦ ಗಿಗಾಬೈಟನ್ನು ಸೆಕೆಂಡಿಗೆ ೧೫೦ ಮೆಗಾಬೈಟಿನ ಡಿಸ್ಕಿಗೆ ಪ್ರತಿ ಮಾಡಲು ಸರಿಯಾಗಿ ಎರಡು ಗಂಟೆ ಬೇಕು. ಆ ಎರಡು ಗಂಟೆಯನ್ನು ಉಳಿಸಲು ಹೋಗಿ ಒಂದೇ ಪ್ರತಿಯನ್ನಿಟ್ಟುಕೊಳ್ಳುವವರನ್ನು ಕಂಡರೆ ನನಗೆ ನಿಜವಾಗಿಯೂ ಕಳವಳವಾಗುತ್ತದೆ. ಮದುವೆಯ ಫೋಟೊಗಳಾದರೂ ನೆಂಟರಿಷ್ಟರ ಮೊಬೈಲಿನಲ್ಲಿ ಉಳಿದಾವು; ವಯೋವೃದ್ಧ ಭಾಗವತರೊಬ್ಬರು ಆ ರಾತ್ರಿ ಹಾಡಿದ ಪದ್ಯ ಮತ್ತೆಲ್ಲಿಯೂ ದೊರೆಯದು.

ಗ್ರಾಫಿಕ್ಸ್ ಕಾರ್ಡು ಬೇಡವೆಂದು ನಾನು ಹೇಳುತ್ತಿಲ್ಲ. ಬಯಲಾಟದ ಬೆಳಕು ಅಸಮ. ರಂಗಸ್ಥಳದ ದೀಪಗಳಾಚೆ ಎಲ್ಲವೂ ಕತ್ತಲೆ, ಆ ಕತ್ತಲೆಯಲ್ಲಿ ಕ್ಯಾಮೆರಾವು ಕಾಳುಕಾಳಾದ ನಾಯ್ಸನ್ನು ಹುಟ್ಟಿಸುತ್ತದೆ. ಅದನ್ನು ಅಳಿಸುವ ಲೆಕ್ಕಾಚಾರ ಗ್ರಾಫಿಕ್ಸ್ ಕಾರ್ಡಿನದೇ, ಮತ್ತು ಅದಕ್ಕೆ ಕಾರ್ಡಿನ ಸ್ವಂತ ಮೆಮೊರಿ ಸಾಕಷ್ಟು ಬೇಕು. ೪ಕೆ ಚಿತ್ರಕ್ಕೆ ೮ ಗಿಗಾಬೈಟು ಕನಿಷ್ಠ, ೧೨ ನೆಮ್ಮದಿ. ಹೊಸದಾಗಿಯೇ ಕೊಳ್ಳುವವರು ಆರ್‌ಟಿಎಕ್ಸ್ ೫೦ ಸರಣಿಯ ಕಾರ್ಡನ್ನೇ ಕೊಂಡರೆ ೪:೨:೨ರ ಚಿಂತೆಯೂ ಅದರೊಡನೆಯೇ ಬಗೆಹರಿಯುತ್ತದೆ, ಎಚ್.೨೬೪ ಆದರೂ ಸರಿ, ಎಚ್.೨೬೫ ಆದರೂ ಸರಿ. ಆದರೆ ಆ ಕಾರ್ಡಿಗೆ ತಕ್ಕ ವಿದ್ಯುತ್ತನ್ನು ಪೂರೈಸುವ ಎಸ್‌ಎಂಪಿಎಸ್ ಇದೆಯೇ ಎಂಬುದನ್ನು ಮೊದಲು ನೋಡಬೇಕು. ಕ್ಯಾಬಿನೆಟ್ಟಿನೊಡನೆ ಪುಕ್ಕಟೆಯಾಗಿ ಬಂದ ಹಗುರವಾದ ಎಸ್‌ಎಂಪಿಎಸ್‌ಗೆ ದೊಡ್ಡ ಕಾರ್ಡನ್ನು ಸಿಕ್ಕಿಸಿದರೆ, ಎಕ್ಸ್‌ಪೋರ್ಟಿನ ನಡುವೆ ಯಂತ್ರ ಕಣ್ಣು ಮುಚ್ಚುವುದು ಆಶ್ಚರ್ಯವಲ್ಲ.

ಈ ಊರಿನ ಹವೆಯನ್ನು ಗಣನೆಗೆ ತಾರದೆ ಮಾಡಿದ ಯಾವ ಲೆಕ್ಕವೂ ಮಂಗಳೂರಿನಲ್ಲಿ ನಿಲ್ಲುವುದಿಲ್ಲ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿದ ಮಳೆ, ಬೇಸಗೆಯಲ್ಲಿಯೂ ಇಳಿಯದ ತೇವ, ಸಮುದ್ರದ ಉಪ್ಪಿನ ಗಾಳಿ. ಕ್ಯಾಬಿನೆಟ್ಟಿನೊಳಗಿನ ಧೂಳು ಇಲ್ಲಿ ಒಣ ಧೂಳಾಗಿರದೆ ಅಂಟಾಗಿ ಫ್ಯಾನಿನ ರೆಕ್ಕೆಗಳ ಮೇಲೂ ಹೀಟ್‌ಸಿಂಕಿನ ಸಂದುಗಳಲ್ಲಿಯೂ ಕೂತುಬಿಡುತ್ತದೆ. ಪ್ರೊಸೆಸರಿನ ಉಷ್ಣತೆ ನೂರು ಡಿಗ್ರಿಯ ಸಮೀಪಕ್ಕೆ ಹೋದಾಗ ಅದು ತನ್ನನ್ನು ತಾನು ಕಾಪಾಡಿಕೊಳ್ಳಲು ವೇಗವನ್ನು ಇಳಿಸಿಕೊಳ್ಳುತ್ತದೆ. ಯಂತ್ರ ಹಳತಾಯಿತೆಂದು ನಾವು ಭಾವಿಸುತ್ತೇವೆ. ಅದನ್ನು ಬಿಚ್ಚಿ ಶುಚಿಗೊಳಿಸಿ, ಒಣಗಿ ಹೋದ ಥರ್ಮಲ್ ಪೇಸ್ಟನ್ನು ಒರಸಿ ಹೊಸದು ಹಚ್ಚಿ, ಕಪ್ಪಾದ ರ‍್ಯಾಮಿನ ಹಲ್ಲುಗಳನ್ನು ಸ್ವಚ್ಛಮಾಡಿ ಕೂಡಿಸಿದರೆ, ಕೆಲವೇ ನೂರು ರೂಪಾಯಿಗಳಲ್ಲಿ ಕಳೆದುಹೋದ ವೇಗ ಮರಳುವುದುಂಟು. ಇನ್ನು ಸಿಡಿಲು. ಮಳೆಗಾಲಕ್ಕೆ ಮುಂಚಿನ ಏಪ್ರಿಲ್, ಮೇ ತಿಂಗಳ ಸಂಜೆಗಳು, ಅಂದರೆ ಮದುವೆಗಳೂ ಆಟಗಳೂ ತುಂಬಿ ತುಳುಕುವ ದಿನಗಳೇ, ಕರಾವಳಿಯಲ್ಲಿ ಸಿಡಿಲಿನ ದಿನಗಳು. ಯುಪಿಎಸ್ ಇರಲೇಬೇಕೆಂಬುದನ್ನು ಯಾರಿಗೂ ಹೇಳಬೇಕಾಗಿಲ್ಲ. ಆದರೆ ಸರಿಯಾದ ಅರ್ಥಿಂಗ್ ಇಲ್ಲದ ಯುಪಿಎಸ್ಸನ್ನು ನಂಬಿ ಕೂರುವಂತಿಲ್ಲ, ಮತ್ತು ವಿದ್ಯುತ್ತಿನ ತಂತಿಯನ್ನು ಕಿತ್ತಿಟ್ಟವರು ಇಂಟರ್ನೆಟ್ಟಿನ ತಂತಿಯನ್ನು ಕೀಳಲು ಮರೆಯುತ್ತಾರೆ. ಹಾನಿ ಆ ದಾರಿಯಿಂದಲೂ ಬರುತ್ತದೆ.

ಹೊಸ ಯಂತ್ರವನ್ನು ಕಟ್ಟಿಸಲು ಪ್ರಶಸ್ತವಾದ ಕಾಲ ಮಳೆಗಾಲದ ಆಟಿ ತಿಂಗಳು. ಶುಭಕಾರ್ಯಗಳಿಲ್ಲ, ಮೇಳಗಳ ತಿರುಗಾಟವಿಲ್ಲ; ಹೊಸ ಬಿಡಿಭಾಗವನ್ನು ಕೂಡಿಸಿ, ಹಳೆಯ ಆಟದ ದೃಶ್ಯಗಳನ್ನು ಓಡಿಸಿ ನೋಡಿ, ದೋಷವಿದ್ದರೆ ವಾರಂಟಿಯಲ್ಲಿ ಬದಲಿಸಿಕೊಳ್ಳಲು ಒಂದು ತಿಂಗಳ ಬಿಡುವು ದೊರೆಯುತ್ತದೆ. ಮದುವೆಯ ಹಿಂದಿನ ದಿನ ಮದರ್‌ಬೋರ್ಡು ಬದಲಿಸುವ ಸಾಹಸವನ್ನು ಯಾರೂ ಮಾಡಬಾರದು.

೨೦೨೫ರ ಅಕ್ಟೋಬರ್ ೧೪ರಂದು ವಿಂಡೋಸ್ ೧೦ಕ್ಕೆ ಮೈಕ್ರೋಸಾಫ್ಟಿನ ಬೆಂಬಲ ಮುಗಿದಿದೆ. ವಿಂಡೋಸ್ ೧೧ ಇಂಟೆಲ್ಲಿನ ಎಂಟನೆಯ ಪೀಳಿಗೆಗಿಂತ ಹಳೆಯದನ್ನು ಅಧಿಕೃತವಾಗಿ ಒಪ್ಪುವುದಿಲ್ಲ. ಆದ್ದರಿಂದ ಹಲವು ಸ್ಟುಡಿಯೊಗಳ ನಾಲ್ಕನೆಯ, ಆರನೆಯ ಪೀಳಿಗೆಯ ಯಂತ್ರಗಳು ಈಗ ಗುಜರಿಯ ದಾರಿ ಹಿಡಿದಿವೆ. ಅವುಗಳನ್ನು ಮಾರುವ ಮುನ್ನ ಒಳಗೆ ಫೈರ್‌ವೈರ್ ಕಿಂಡಿಯುಳ್ಳ ಕಾರ್ಡೊಂದು ಕೂತಿದೆಯೇ ಎಂದು ನೋಡಿಕೊಳ್ಳಿ ಎಂಬುದು ನನ್ನ ಪ್ರಾರ್ಥನೆ. ಮಿನಿ ಡಿವಿ ಕ್ಯಾಸೆಟ್ಟುಗಳಲ್ಲಿರುವ ಚಿತ್ರವನ್ನು ಕುಂದಿಲ್ಲದೆ ಕಂಪ್ಯೂಟರಿಗೆ ಇಳಿಸುವ ದಾರಿ ಬಹುಮಟ್ಟಿಗೆ ಅದೊಂದೇ. ಹೊಸ ಬೋರ್ಡುಗಳಲ್ಲಿ ಆ ಕಿಂಡಿ ಇರುವುದಿಲ್ಲ, ೨೦೨೫ರಲ್ಲಿ ಬಂದ ಮ್ಯಾಕ್‌ಒಎಸ್ ಟಾಹೊ ಅದನ್ನು ಸಂಪೂರ್ಣವಾಗಿ ಕೈಬಿಟ್ಟಿದೆ. ೨೦೦೦ದಿಂದ ೨೦೧೦ರ ತನಕದ ಎಷ್ಟೋ ಆಟಗಳು ಈ ಕ್ಯಾಸೆಟ್ಟುಗಳಲ್ಲಿಯೇ, ಗಾಡ್ರೇಜಿನ ಅಡಿಯಲ್ಲಿ, ತೇವ ಹೀರುತ್ತ ಉಳಿದಿವೆ. ಹಳೆಯ ಯಂತ್ರದಿಂದ ಇಂಟರ್ನೆಟ್ಟಿನ ಸಂಪರ್ಕವನ್ನು ತೆಗೆದುಹಾಕಿ, ವಿಂಡೋಸ್ ೧೦ರಲ್ಲಿಯೇ ಅದನ್ನು ಒಂದು ಮೂಲೆಯಲ್ಲಿ ಇರಿಸಿಕೊಂಡು, ಕೆಲಸ ಮಾಡುವ ಒಂದು ಹಳೆಯ ಹ್ಯಾಂಡಿಕ್ಯಾಮನ್ನು ಜೋಡಿಸಿ, ಮಳೆಗಾಲದ ಬಿಡುವಿನಲ್ಲಿ ದಿನಕ್ಕೆರಡು ಮೂರರಂತೆ ಆ ಕ್ಯಾಸೆಟ್ಟುಗಳನ್ನು ಇಳಿಸಿಕೊಂಡ ಮೇಲೆ ಬೇಕಾದರೆ ಅದನ್ನು ಗುಜರಿಗೆ ಕೊಡಬಹುದು.